ಬರಿಗಾಲಿನ ಬೇಸ್ ಕಾಕಾ

ರಬಕವಿಯ ಸರ್ಕಲ್ಲಿನಲ್ಲಿ ಆ ಬ್ಯಾನರ್ ಕಂಡಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಮೇಲೆ ದೊಡ್ಡ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಖ್ಯಾತ ಗಿಟಾರ್ ವಾದಕರು'. ಅವರು ಖ್ಯಾತರೂ ಅಲ್ಲ, ನುಡಿಸುತ್ತಿದ್ದದ್ದು ಇವರು ತಿಳಿದುಕೊಂಡಿರುವ ಗಿಟಾರೂ ಅಲ್ಲ. ಊರೂರು ತಿರುಗಿ 'ಇದು ಬೇಸ್ ರೀ, ಬೇಸ್' ಎಂದು ಹೇಳಿ ಹೇಳಿ ಬಾಯಿ ಸೋತ ಮನುಷ್ಯನಿಗೆ ಊರು ಕೊನೆಗೆ ಕೊಟ್ಟ ಬಿರುದು ಇದು.

ಫೋಟೋ ನಮ್ಮ ಬ್ಯಾಂಡಿನದೇ. ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡದ್ದರಿಂದ ಅವರೊಬ್ಬರನ್ನು ಕತ್ತರಿಸಿ ತೆಗೆದಿದ್ದಾರೆ. ಕಾಲು ಬಂದಿಲ್ಲ. ಬೇಸಿನ ಕತ್ತೂ ಅರ್ಧಕ್ಕೆ ಹೋಗಿದೆ. ಆದರೆ ಎಡಬದಿಯಲ್ಲಿ ಇನ್ಯಾರದೋ ಒಂದು ಮೊಳಕೈ ಉಳಿದುಬಿಟ್ಟಿದೆ. ಅದು ನನ್ನದು, ನನ್ನ ಎಡಗೈಯದು. ಬೈಕಿನ ಎಂಜಿನ್ ಆರಿಸದೆ ಅದನ್ನು ನೋಡಿದೆ, ನೋಡಿದವನು ಗಾಡಿ ತಿರುಗಿಸಿಕೊಂಡು ಜಮಖಂಡಿಗೆ ವಾಪಸು ಬಂದೆ. ಅವರ ಮನೆ ಅಲ್ಲಿಂದ ಮೂರು ಓಣಿ ದಾಟಿದರೆ ಸಿಗುತ್ತಿತ್ತು.

ಇದನ್ನು ಬರೆಯಲು ಕೂತವನು ಈಗಾಗಲೇ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ. ಒಂದು ಕಡೆ ಕೂಡುವ ಜಾಯಮಾನ ನನ್ನದಲ್ಲ. ಅದನ್ನು ನನಗೆ ಮೊದಲು ಹೇಳಿದವರೂ ಅವರೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ನಮ್ಮ ಬ್ಯಾಂಡಿನ ಒಂದು ಪೋಸ್ಟರಿನಲ್ಲಿಯೂ ಅವರ ಹೆಸರು ಬರಲಿಲ್ಲ, ಈಗ ಬರೆದರೆ ಉಪಚಾರದ ಮಾತಾಗುತ್ತದೆ. ನಮಗೆಲ್ಲ ಅವರು ಕಾಕಾ, ಅಷ್ಟೆ.

ನಮ್ಮ ಬ್ಯಾಂಡು ಅಂದರೆ ಐದು ಜನ. ಲೀಡರ್ ಮಹಾಲಿಂಗಪುರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಹಾಡುಗಾರ. ಹಾಡುವ ಅಕ್ಕ ಅಂಗನವಾಡಿ ಟೀಚರ್. ಡ್ರಮ್ಮಿನ ಬದಲು ಎಲೆಕ್ಟ್ರಾನಿಕ್ ಪ್ಯಾಡ್ ಬಾರಿಸುವವನು ಮೋಟರ್ ರಿವೈಂಡಿಂಗ್ ಮಾಡುವವನು. ನಾನು ಜಮಖಂಡಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ, ಬಿಡುವಿದ್ದಾಗ ಕೀಬೋರ್ಡ್. ಕಾಕಾ ರಬಕವಿಯಲ್ಲಿ ಮನೆಯೊಳಗೇ ನಾಲ್ಕು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುವವರು. ಇದು ಯಾರಿಗೂ ಹೊಟ್ಟೆಪಾಡಲ್ಲ, ಚಟ. ಮದುವೆ ರಿಸೆಪ್ಷನ್, ಗಣಪತಿ, ಕಾಲೇಜಿನ ಗ್ಯಾದರಿಂಗ್ ಅಂತ ಹುನ್ನೂರಿನಿಂದ ಬೀಳಗಿಯವರೆಗೆ ಯಾರು ಕರೆದರೂ ಹೋಗುತ್ತಿದ್ದೆವು.

ಕಾಕಾ ಹರೆಯದಲ್ಲಿ ಲಗ್ನದ ಬ್ಯಾಂಡ್ ಕಂಪನಿಯಲ್ಲಿ ಹೊಟ್ಟೆಯ ಮೇಲೆ ದೊಡ್ಡ ಡ್ರಮ್ ಕಟ್ಟಿಕೊಂಡು ಬಾರಿಸಿದವರು. ನಮ್ಮ ಲೀಡರ್ ಮಿರಜಿನಿಂದ ಒಂದು ಹಳೆಯ ಬೇಸ್ ಗಿಟಾರ್ ಹೊತ್ತುಕೊಂಡು ಬಂದಾಗ ಅದನ್ನು ಮುಟ್ಟಲು ಯಾರೂ ತಯಾರಿರಲಿಲ್ಲ. ಮುಂದೆ ನಿಂತು ಮಿಂಚುವ ವಾದ್ಯವಲ್ಲ ಅದು. ಹಿಂದೆ ನಿಂತು ಗುಮ್ಮೆನ್ನುವ ವಾದ್ಯ. ಕಾಕಾ ದಪ್ಪ ತಂತಿಯನ್ನು ಒಮ್ಮೆ ಮೀಟಿ, ಮರದ ಮೈಯನ್ನು ಎದೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತರಂತೆ. ಆಮೇಲೆ ಅದನ್ನು ಮತ್ತೊಬ್ಬರ ಕೈಗೆ ಕೊಡಲೇ ಇಲ್ಲ. ಅದಕ್ಕೊಂದು ಚೀಲವನ್ನು ಅವರ ಹೆಂಡತಿ, ನಮ್ಮೆಲ್ಲರ ಕಾಕೂ, ಮಗ್ಗದ ಮೇಲೆ ಕೆಟ್ಟುಹೋದ ಒಂದು ಸೀರೆಯಲ್ಲಿ ಹೊಲಿದುಕೊಟ್ಟರು. ಕೆಂಪು ಅಂಚು, ಹಸಿರು ಮೈ. ದೂರದಿಂದ ನೋಡಿದರೆ ಯಾರೋ ಹೆಣ್ಣುಮಗಳು ಕಾಕಾನ ಹೆಗಲಿಗೆ ಒರಗಿದ ಹಾಗೆ ಕಾಣುತ್ತದೆ ಎಂದು ಪ್ಯಾಡಿನವನು ಚೇಷ್ಟೆ ಮಾಡುತ್ತಿದ್ದ.

ಗಿಟಾರಿಗೆ ಆರು ತಂತಿ, ಬೇಸಿಗೆ ನಾಲ್ಕೇ. ಪ್ರತಿ ಊರಿನಲ್ಲೂ ಒಬ್ಬ ಶಾಣ್ಯಾ ಸ್ಟೇಜಿನ ಹತ್ತಿರ ಬಂದು ತಂತಿ ಎಣಿಸುತ್ತಿದ್ದ. "ಕಾಕಾರ, ಎರಡ ತಂತಿ ಹರದಾವೇನ್ರಿ?" ಕಾಕಾ ಅವನ ಮುಖವನ್ನೇ ದಿಟ್ಟಿಸಿ ನೋಡಿ, "ಹರದಿಲ್ಲೋ ತಮ್ಮಾ. ಆ ಎರಡೂ ಭಾಳ ಒದರತಿದ್ವು, ಮನ್ಯಾಗ ಬಿಟ್ಟ ಬಂದೇನಿ" ಎನ್ನುತ್ತಿದ್ದರು. ನಗುತ್ತಿರಲಿಲ್ಲ. ಕೇಳಿದವನು ಖರೆ ಎಂದುಕೊಂಡು ತಲೆಯಾಡಿಸಿ ಹೋಗುತ್ತಿದ್ದ.

ಒಮ್ಮೆ ಹಾಡುವ ಅಕ್ಕನೂ ಅನುಮಾನ ತೆಗೆದರು. ಬೇಸ್ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ ಅಲ್ಲವೇ ಎಂದು. ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. "ಅಕ್ಕಾರ, ಸೀರ್ಯಾಗ ಎಲ್ಲಾರೂ ಸೆರಗ ನೋಡತಾರ, ಬಣ್ಣಾ ನೋಡತಾರ. ಮಗ್ಗದ ಮ್ಯಾಲ ಉದ್ದಕ ಬಿಗದ ಎಳಿ ಇರತಾವಲ್ರಿ, ಹಾಸು, ಅದನ್ನ ಯಾರೂ ನೋಡಂಗಿಲ್ಲ. ಹಾಸ ಒಂದೀಟ ಸಡ್ಲ ಬಿಡ್ರಿ, ಸೆರಗ ಹೆಂಗ ಬರತೈತಿ ನೋಡೂಣು." ಆ ಅಕ್ಕ ಆಮೇಲೆ ಹಾಡುವ ಮೊದಲು ಒಮ್ಮೆ ಕಾಕಾನ ಕಡೆ ನೋಡಿಯೇ ಮೈಕು ಹಿಡಿಯುತ್ತಿದ್ದರು.

ಇಷ್ಟು ಗಟ್ಟಿ ಮನುಷ್ಯನಿಗೆ ನಾವು ಇಟ್ಟ ಹೆಸರು ಮಾತ್ರ ಚಡಪಡಿಕೆಯ ಕಾಕಾ. ಸ್ಟೇಜಿಗೆ ಹೋದ ಕೂಡಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅಡ್ಡಾಡಲು ಸುರು ಮಾಡುತ್ತಿದ್ದರು. ಈ ಹಲಗೆ ತುಳಿದರು, ಆ ಹಲಗೆ ತುಳಿದರು, ಸ್ಪೀಕರಿನ ಬಾಕ್ಸಿಗೆ ಹೋಗಿ ಮೊಣಕಾಲು ತಾಗಿಸಿದರು, ಅಲ್ಲಿಂದ ಮತ್ತೆ ನನ್ನ ಎಡಗಡೆಗೆ ಬಂದರು. ಲೀಡರ್ ಅವರ ವಾರಿಗೆಯವನು, ಏಕವಚನದಲ್ಲೇ ಬೈಯುತ್ತಿದ್ದ. "ಏ ಕಾಕಾ, ಒಂದ ಕಡೆ ನಿಂದ್ರಪಾ. ಏನ್ ಹೊಲಾ ಅಳ್ಯಾಕತ್ತೀ ಏನು?" ಕಾಕಾ "ಆತು ಆತು" ಎಂದು ಮತ್ತೆ ನಾಲ್ಕು ಹೆಜ್ಜೆ ನಡೆಯುತ್ತಿದ್ದರು.

ಈ 'ಆತು' ಅವರ ಎಲ್ಲ ಮಾತಿಗೂ ಉತ್ತರ. ಹಾಡನ್ನು ಕರಿ ಎರಡರ ಶ್ರುತಿಯಲ್ಲಿ ಹಾಡುತ್ತೇನೆ ಎಂದರೆ ಆತು. ಹೇಳಿದ್ದಕ್ಕಿಂತ ಬೇರೆಯದೇ ಸ್ವರದ ಮನೆಯಿಂದ ಎತ್ತಿಕೊಂಡು, ನನ್ನ ಕೈಬೆರಳು ನೋಡಿ ಅರೆಕ್ಷಣದಲ್ಲಿ ಸರಿಮಾಡಿಕೊಳ್ಳುತ್ತಿದ್ದರು. "ಚಾ ಕುಡೀತಿಯೋ ಬ್ಯಾಡೋ?" ಎಂದರೂ ಆತು. ಕಾಕಾಗೆ ಲಕ್ಷ್ಯವಿಲ್ಲ, ಮನಸ್ಸು ಮಗ್ಗದ ಮೇಲಿದೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಲೆಕ್ಕದ ಮಾಸ್ತರನಾದ ನಾನು ಕೂಡ ಇದನ್ನೂ ಅದನ್ನೂ ಕೂಡಿಸಿ ನೋಡಲಿಲ್ಲ.

ಮುಧೋಳದ ಒಂದು ಮಂಗಲ ಕಾರ್ಯಾಲಯದಲ್ಲಿ ಅವರು ಮೊದಲ ಸಲ ಪೂರ್ತಿ ಹಾಳು ಮಾಡಿದರು. ಹೊಸ ಕಟ್ಟಡ, ಸ್ಟೇಜಿಗೂ ಗ್ರಾನೈಟ್. ಚಪ್ಪಲಿ ಬಿಟ್ಟು ಕಾಲಿಟ್ಟವರೇ ಮುಖ ಸಣ್ಣ ಮಾಡಿಕೊಂಡರು. ಅಲ್ಲಿ ತುಳಿದರು, ಇಲ್ಲಿ ತುಳಿದರು. ಹಾಡು ಸುರುವಾಯಿತು. ಬೇಸ್ ಒಂದು ಕಡೆ, ನಾವೆಲ್ಲ ಒಂದು ಕಡೆ. ಲೀಡರ್ ಬೀಗರ ಮುಂದೆ ನಗುತ್ತ ಹಾಡಿ ಮುಗಿಸಿ, ಹಿಂದೆ ಬಂದು, "ಮಂದಿ ಮುಂದ ಮಾನಾ ಕಳದಿ" ಎಂದ. ಕಾಕಾ ಹೊರಗೆ ಹೋಗಿ ಮಣ್ಣಿನ ನೆಲದ ಮೇಲೆ ಬರಿಗಾಲಲ್ಲೇ ಬಹಳ ಹೊತ್ತು ನಿಂತಿದ್ದರು.

ಅದೇ ಸುಮಾರಿಗೆ ನಾನು ಕೊಲ್ಹಾಪುರದಿಂದ ಹೊಸ ಕೀಬೋರ್ಡ್ ತಂದೆ. ಎಡಗೈಯ ಕಡೆಯ ಸ್ವರದ ಮನೆಗಳಿಗೆ ಬೇಸಿನ ದನಿ ಹಾಕಿದರೆ ಕಿಟಕಿಯ ಗಾಜು ಕೂಡ ನಡುಗುತ್ತಿತ್ತು. ಹೊಸ ಸಾಮಾನು ಬಂದವನ ಜಂಬ ಗೊತ್ತಲ್ಲ, ಲೀಡರಿನ ಅಂಗಡಿಯಲ್ಲೇ ಇಟ್ಟು ನುಡಿಸಿ ತೋರಿಸಿದೆ. ಅವನು ಬಟ್ಟೆ ಮಡಚುವುದನ್ನು ಬಿಟ್ಟು ಕೇಳಿದ.

"ಮಾಸ್ತರ, ಹಂಗಾರ ಬೇಸ್ ನಿಮಗ ಬಾರಸಾಕ ಬರತೈತೇನು?"

"ಬರತೈತಿ" ಎಂದೆ.

ಅಷ್ಟೇ ನಾನು ಆಡಿದ್ದು. ಬರತೈತಿ, ಆದರೆ ಕಾಕಾ ಇದ್ದಾರಲ್ಲ ಎಂದು ಸೇರಿಸಲು ಬಾಯಲ್ಲಿ ಜಾಗವಿತ್ತು. ಸೇರಿಸಲಿಲ್ಲ.

"ಗಾಡ್ಯಾಗ ಒಂದ ಸೀಟು, ಒಂದ ಬಾಕ್ಸಿನ ಜಾಗಾ ಉಳೀತು" ಎಂದ ಲೀಡರ್. "ಬೀಳಗಿ ಗ್ಯಾದರಿಂಗಿಗೆ ನಾಕ ಮಂದಿನ ಹೋಗೂಣು. ಕಾಕಾಗ ನೀವ ಹೇಳ್ರಿ. ನನಗ ಆಗಂಗಿಲ್ಲ."

ರವಿವಾರ ಮುಂಜಾನೆ ರಬಕವಿಗೆ ಹೋದೆ. ಅವರ ಓಣಿಗೆ ಕಾಲಿಟ್ಟರೆ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು, ಕಾಲಡಿಯ ನೆಲವೇ ತಟತಟ ಎನ್ನುತ್ತದೆ. ಒಳಗೆ ಕಾಕಾ ನಾಲ್ಕು ಮಗ್ಗಗಳ ನಡುವೆ ಓಡಾಡುತ್ತಿದ್ದರು. ನನ್ನನ್ನು ಕಂಡು ತುಟಿಯಲ್ಲೇ "ಬರ್ರಿ ಮಾಸ್ತರ, ಚಾ ತಗೋರಿ" ಎಂದರು. ಆ ಸದ್ದಿನಲ್ಲಿ ದನಿ ತೆಗೆದು ಉಪಯೋಗವಿಲ್ಲ. ಅಲ್ಲಿಯವರ ಮಾತು ಅರ್ಧ ತುಟಿಯಲ್ಲಿ, ಅರ್ಧ ಕೈಯಲ್ಲಿ. ಬಾಗಿಲ ಬಳಿ ಕಾಕೂ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಈ ಗದ್ದಲದಲ್ಲಿ ಹೇಗೆ ಹೇಳಲಿ ಎಂದು ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಓಣಿ ಒಂದೇ ಏಟಿಗೆ ನಿಂತಿತು. ಎಲ್ಲೋ ಒಂದು ಕೋಳಿ ಕೂಗಿದ್ದು ಸಹ ಕೇಳಿಸಿತು. ನನಗೆ ಅನುಕೂಲವಾಯಿತು ಅನ್ನಿಸಿತು. ಕಾಕಾ ಒಂದು ಮಗ್ಗಕ್ಕೆ ಬಗ್ಗಿ, ನನಗೆ ಬೆನ್ನು ಮಾಡಿಕೊಂಡು, ಹರಿದ ಎಳೆ ಹೊಸೆಯುತ್ತಿದ್ದರು. ಅವರ ಮುಖ ನೋಡಿ ಹೇಳುವುದಕ್ಕಿಂತ ಬೆನ್ನಿಗೆ ಹೇಳುವುದು ಸುಲಭ. ನಾನೂ ಮಗ್ಗದ ಕಡೆಗೇ ನೋಡುತ್ತ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೊಸ ಕೀಬೋರ್ಡ್ ಬಂದಿದೆ, ಬೇಸ್ ನಾನೇ ನುಡಿಸುತ್ತೇನೆ, ಬೀಳಗಿಗೆ ನೀವು ಬರುವುದು ಬೇಡ, ಮುಂದಿನದಕ್ಕೂ ಬಹುಶಃ ಬೇಡ, ತಪ್ಪು ತಿಳಿಯಬೇಡಿ.

ಕಾಕಾ ಎಳೆಗೆ ಗಂಟು ಹಾಕಿ, ತಿರುಗಿ, ನನ್ನ ಮುಚ್ಚಿದ ಬಾಯಿ ನೋಡಿ, "ಆತ್ರಿ ಮಾಸ್ತರ, ಆತು" ಎಂದರು. ನಗುತ್ತಲೇ ಎಂದರು. ಎಷ್ಟು ದೊಡ್ಡ ಮನುಷ್ಯ, ಒಂದು ಮಾತು ಎದುರಾಡಲಿಲ್ಲ ಎಂದು ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಬಾಗಿಲಲ್ಲಿ ಕಾಕೂ ಕಂಡಿಕೆ ಕೆಳಗಿಟ್ಟು ತಡೆದರು. "ಮಾಸ್ತರ, ನೀವ ಹೇಳಿದ್ದು ಅವರಿಗೆ ಕೇಳಿಲ್ರಿ."

"ಅಂದ್ರ?"

"ಅವರಿಗೆ ಕಿವಿ ಕೇಳಂಗಿಲ್ಲಲ್ರಿ. ಹನ್ನೆರಡ ವರ್ಷಾತು. ಮಗ್ಗದ ಸದ್ದ ತಿಂತು. ಮುಖಾ ನೋಡಿ ಮಾತಾಡಿದ್ರ ತುಟಿ ತಿಳೀತೈತಿ. ನಿಮಗ ಗೊತ್ತಿಲ್ಲೇನ್ರಿ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಎತ್ತರದ ಸ್ವರ ಒಂದೂ ಇಲ್ರಿ. ಈ ಮಗ್ಗದ್ದ ಒಂದು, ಆ ಬೇಸಿಂದ ಒಂದು, ಎರಡ ಸದ್ದ ಅವರಿಗೆ ಉಳದಾವು. ಅವೂ ಕಿವ್ಯಾಗ ಅಲ್ಲ, ಕಾಲಾಗ."

ಹಲಗೆಗಳು, ಬರಿಗಾಲು, ಬಾಕ್ಸಿಗೆ ತಾಗಿಸಿದ ಮೊಣಕಾಲು, ಮುಧೋಳದ ಗ್ರಾನೈಟ್, ನನ್ನ ಬೆರಳುಗಳ ಮೇಲೆ ನೆಟ್ಟ ಕಣ್ಣು. ಎಲ್ಲ ಲೆಕ್ಕ ಆ ಬಾಗಿಲಲ್ಲಿ ನಿಂತೇ ಕೂಡಿತು. ನಾವು ಚಡಪಡಿಕೆ ಎಂದುಕೊಂಡದ್ದು ಆ ಮನುಷ್ಯ ನಿಲ್ಲಲು ಜಾಗ ಹುಡುಕುತ್ತಿದ್ದದ್ದು. ಒಳಗೆ ಅವರು ಕರೆಂಟ್ ಇಲ್ಲದ ಮಗ್ಗದ ಮೇಲೆ ಅಂಗೈ ಇಟ್ಟುಕೊಂಡು, ಅದು ಮತ್ತೆ ಯಾವಾಗ ನಡುಗೀತು ಎಂದು ಕಾಯುತ್ತ ನಿಂತಿದ್ದರು.

"ತಿರುಗಿ ಹೋಗಿ ಮುಖಾ ನೋಡಿ ಹೇಳ್ರಿ" ಎಂದರು ಕಾಕೂ.

"ನೀವ ಹೇಳ್ರಿ ಕಾಕೂ. ನನಗ ಸಾಲಿಗೆ ಹೊತ್ತಾತು" ಎಂದೆ. ಆ ದಿನ ರವಿವಾರ. ಅವರು ಮತ್ತೆ ಕಂಡಿಕೆ ಎತ್ತಿಕೊಂಡರು. ನಾನು ಬೈಕ್ ಹತ್ತಿದೆ.

ಕಾಕೂ ಹೇಳಲಿಲ್ಲ. ಯಾಕೆ ಹೇಳಬೇಕಿತ್ತು? ಅದು ಅವರ ಕೆಲಸವಾಗಿರಲಿಲ್ಲ.

ಬೀಳಗಿಗೆ ಹೊರಟ ದಿನ ನಮ್ಮ ಗಾಡಿ ಮಹಾಲಿಂಗಪುರದ ಬಸ್ ಸ್ಟ್ಯಾಂಡ್ ಮುಂದೆ ಬಂದಾಗ ಹಸಿರು ಮೈಯ ಕೆಂಪು ಅಂಚಿನ ಚೀಲ ಕಂಡಿತು. ಪ್ರತಿ ಸಲದ ಜಾಗದಲ್ಲೇ, ಕಬ್ಬಿನ ಹಾಲಿನ ಅಂಗಡಿಯ ಪಕ್ಕ, ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಲೀಡರ್ ತಿರುಗಿ ನನ್ನನ್ನು ನೋಡಿದ. "ಹೇಳೀರಿಲ್ಲೋ?"

"ಹೇಳೇನಿ."

"ಮತ್ತ?"

ನಾನು ಕಿಟಕಿಯ ಆಚೆ ನೋಡಿದೆ. ಕಾಕಾ ಗಾಡಿ ಹತ್ತಿ ತಮ್ಮ ಸೀಟಿನಲ್ಲಿ ಕೂತರು, ಮುಧೋಳ ದಾಟುವ ತನಕ ಪ್ಯಾಡಿನವನ ಹೊಸ ಅಂಗಿಯ ನೂಲನ್ನು ಬೆರಳಲ್ಲಿ ತಿಕ್ಕಿ ನೋಡಿ ಗುಣದೋಷ ಹೇಳಿದರು. ಬೀಳಗಿಯಲ್ಲಿ ಇಳಿದ ಮೇಲೆ ಲೀಡರ್ ಸೌಂಡ್ ಮಿಕ್ಸರಿನವನ ಹತ್ತಿರ ಹೋಗಿ, ಕಾಕಾಗೊಂದು ವಾಯರ್ ಕೊಡು, ಆದರೆ ಅವರ ದನಿ ಪೂರ್ತಿ ಇಳಿಸಿಡು ಎಂದ. ಹೇಳುವ ಧೈರ್ಯವಿಲ್ಲದವರು ನಾನೊಬ್ಬನೇ ಅಲ್ಲ ಎಂದು ಅವತ್ತು ಸಮಾಧಾನ ಪಟ್ಟುಕೊಂಡೆ. ಅದು ಇವತ್ತಿಗೂ ನಾಚಿಕೆ.

ಕಾಲೇಜಿನ ಬಯಲಲ್ಲಿ ಬ್ಯಾರಲ್ ಮೇಲೆ ಹಲಗೆ ಹಾಕಿದ ಸ್ಟೇಜು. ಮಧ್ಯಾಹ್ನದ ಬಿಸಿಲು. ಕಾಕಾಗೆ ಇಷ್ಟವಾದದ್ದೇ ಅಂಥ ಸ್ಟೇಜು. ಚಪ್ಪಲಿ ಬಿಟ್ಟು, ಎರಡೇ ಸಲ ಅಡ್ಡಾಡಿ, ನನ್ನ ಎಡಗಡೆಯ ಒಂದು ಹಲಗೆ ಆರಿಸಿಕೊಂಡರು. ಮೊದಲ ಹಾಡು ಎತ್ತಿದೆವು. ನನ್ನ ಎಡಗೈ ಬೇಸ್ ನುಡಿಸಿತು, ಹಲಗೆ ನಡುಗಿತು, ಹುಡುಗರು ಶಿಳ್ಳೆ ಹೊಡೆದರು.

ಪಲ್ಲವಿ ಅರ್ಧಕ್ಕೆ ಬರುವಷ್ಟರಲ್ಲಿ ಕಾಕಾನ ಕೈ ನಿಂತಿತು. ಮುಳ್ಳು ತುಳಿದವರಂತೆ ಕಾಲು ನೋಡಿಕೊಂಡರು. ನಾನು ಬಿಟ್ಟ ಒಂದು ಖಾಲಿ ಜಾಗ ಕಾಯ್ದು, ದಪ್ಪ ತಂತಿಯನ್ನು ಒಂದೇ ಒಂದು ಸಲ ಮೀಟಿದರು. ಹಲಗೆ ಸುಮ್ಮನಿತ್ತು. ಮತ್ತೆ ಮೀಟಿದರು. ಆಮೇಲೆ ನನ್ನ ಎಡಗೈ ನೋಡಿದರು. ಅದು ಕೀಬೋರ್ಡಿನ ಮನೆಯ ಮೇಲೆ ಇಳಿಯುವುದು, ಅವರ ಕಾಲಡಿ ಹಲಗೆ ನಡುಗುವುದು, ಎರಡನ್ನೂ ತಾಳೆ ನೋಡಿದರು. ಆ ಹೊತ್ತಿಗೆ ನನಗೆ ಆ ಕೈಯನ್ನು ಎಲ್ಲಾದರೂ ಅಡಗಿಸಿಡಬೇಕು ಅನ್ನಿಸಿತು. ಹಾಡು ನಡೆಯುತ್ತಿತ್ತು, ಬಿಡುವ ಹಾಗಿರಲಿಲ್ಲ.

ಕಾಕಾ ಇಳಿದು ಹೋಗಲಿಲ್ಲ. ವಾಯರ್ ಕಿತ್ತು ಒಗೆಯಲಿಲ್ಲ. ಎದುರಿಗೆ ಕೂತ ಹುಡುಗರಿಗೆ ಒಂದಿಷ್ಟೂ ಗೊತ್ತಾಗದ ಹಾಗೆ, ಉಳಿದ ಅಷ್ಟೂ ಹಾಡಿಗೆ ಕೇಳಿಸದ ತಂತಿಯ ಮೇಲೆ ಬೆರಳಾಡಿಸುತ್ತ ನಿಂತರು. ಒಂದು ಸ್ವರ ತಪ್ಪಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಯಾಕೆಂದರೆ ನಾನು ತಪ್ಪಿದಾಗಲೆಲ್ಲ ಅವರ ಬೆರಳು ನೋಡಿ ಸರಿಮಾಡಿಕೊಂಡೆ.

ಮುಗಿದ ಮೇಲೆ ವಾಯರ್ ಸುತ್ತಿಟ್ಟು ನನ್ನ ಬಳಿ ಬಂದರು. ನನ್ನ ಎಡಗೈ ಮಣಿಕಟ್ಟನ್ನು ಹಿಡಿದುಕೊಂಡರು.

"ಕೈ ಛಲೋ ಐತ್ರಿ ಮಾಸ್ತರ. ಆದ್ರ ಓಡತೈತಿ. ಎಲ್ಲಾರಕಿಂತ ಮುಂದ, ತಾಳಾ ಬಿಟ್ಟ ಓಡತೈತಿ. ಒಂದೀಟ ನಿಂದರಸ್ರಿ."

ಹೇಳಿ, ಕೈ ಬಿಡದೆ ನನ್ನ ಮುಖ ನೋಡುತ್ತ ನಿಂತರು. ನನ್ನ ತುಟಿಗಾಗಿ ಕಾದರು. ಕ್ಷಮಿಸಿ ಎನ್ನಲು, ನಾನೇ ನಿಮ್ಮ ಜಾಗ ತೆಗೆದೆ ಎನ್ನಲು, ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ನಾನು ಕೈ ಬಿಡಿಸಿಕೊಂಡು, ಬಗ್ಗಿ, ಕೀಬೋರ್ಡನ್ನು ಚೀಲಕ್ಕೆ ಹಾಕಲು ಸುರು ಮಾಡಿದೆ. ಜಿಪ್ಪು ಸಿಕ್ಕಿಕೊಂಡಿದೆ ಎಂದು ನಟಿಸಿದೆ. ತಲೆಯೆತ್ತಿದಾಗ ಅವರು ಚಪ್ಪಲಿ ಮೆಟ್ಟಿಕೊಂಡು ಗಾಡಿಯ ಕಡೆ ನಡೆದಿದ್ದರು.

ಆಮೇಲೆ ಅವರು ಬಸ್ ಸ್ಟ್ಯಾಂಡಿನಲ್ಲಿ ಕಾಯಲಿಲ್ಲ. ನಾವೂ ಕರೆಯಲಿಲ್ಲ. ಎರಡು ಮೂರು ಸಲ ಜಮಖಂಡಿಯ ಪೇಟೆಯಲ್ಲಿ ಸಿಕ್ಕರು. ದೂರದಿಂದಲೇ ಎಡಗೈ ಎತ್ತಿ ತೋರಿಸಿ, "ನಿಂತೈತೇನ್ರಿ ಮಾಸ್ತರ?" ಎಂದು ನಗುತ್ತಿದ್ದರು. ಅದು ಚುಚ್ಚುಮಾತು ಎಂದು ತಿಳಿದು ನಾನು ಅವಸರದ ಕೆಲಸವಿದ್ದವನಂತೆ ಓಡುತ್ತಿದ್ದೆ. ಮಹಾಲಿಂಗಪುರಕ್ಕೆ ಹೋಗುವುದಿದ್ದರೆ ರಬಕವಿಯ ನೇರ ದಾರಿ ಬಿಟ್ಟು ಮುಧೋಳದ ಮೇಲಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಮೂರು ವರ್ಷ ಹೀಗೇ ತಿರುಗಿದೆ. ಮೊನ್ನೆ ನೇರ ದಾರಿ ಹಿಡಿದದ್ದು ಪೆಟ್ರೋಲ್ ಕಡಿಮೆ ಇತ್ತು ಎಂಬ ಕಾರಣಕ್ಕೆ. ಬ್ಯಾನರ್ ಕಂಡಿತು.

ಎರಡು ದಿನ ಮನೆಯಲ್ಲಿ ಕೂಡಲಾಗದೆ, ನಿಲ್ಲಲಾಗದೆ, ಕೊನೆಗೆ ಅವರ ಮನೆಗೆ ಹೋದೆ. ನಾಲ್ಕೂ ಮಗ್ಗ ನಿಂತಿದ್ದವು. ಓಣಿಯ ಉಳಿದ ಮನೆಗಳ ಸದ್ದು ನೆಲದಲ್ಲಿ ಬರುತ್ತಿತ್ತು. ಗೋಡೆಯ ಗೂಟಕ್ಕೆ ಸೀರೆಯ ಚೀಲ ನೇತಾಡುತ್ತಿತ್ತು. ನಾನು ಹೊಸ್ತಿಲ ಹತ್ತಿರವೇ ನಿಂತೆ.

"ಕುಂದರ್ರಿ ಮಾಸ್ತರ. ಯಾವಾಗ ಬಂದ್ರೂ ನಿಂತ ಕಾಲಮ್ಯಾಲ ಹೋಗ್ತೀರಿ" ಎಂದರು ಕಾಕೂ. ಕೂತೆ.

ಅವತ್ತು ನಾನು ಹೇಳಲು ಬಂದದ್ದು ಕಾಕಾಗೆ ಕೊನೆಗೆ ಗೊತ್ತಾಯಿತೇ ಎಂದು ಕೇಳಿದೆ. ಬೀಳಗಿಯಿಂದ ಬಂದ ದಿನವೇ, ಮಾಸ್ತರ ಅವತ್ತು ಬಂದದ್ದು ಇದಕ್ಕೇ ಏನು ಎಂದು ಅವರು ಕೇಳಿದರು, ನಾನು ಹೌದು ಅಂದೆ ಎಂದರು ಕಾಕೂ. ಸಿಟ್ಟಾದರೇ ಎಂದೆ.

"ಸಿಟ್ಟೇನಿಲ್ರಿ. ಮಾಸ್ತರ ಒಂದಿನ ಬಂದು ಮುಖಾ ನೋಡಿ ಹೇಳತಾರ ಅಂತ ಇದ್ರು. ನೀವ ಬರಲಿಲ್ಲಂತ ಅವರ ಬರತಿದ್ರು."

"ಎಲ್ಲಿಗ್ರಿ?"

"ನಿಮ್ಮ ಪ್ರೋಗ್ರಾಮಿಗೆ. ಇಲ್ಲೇ ಹತ್ರದಾಗಿದ್ರ ಬಸ್ ಹತ್ತಿ ಬರತಿದ್ರು. ಸ್ಟೇಜಿನ ಹಿಂದ ಚಪ್ಲಿ ಬಿಟ್ಟು, ಹಲಗಿಗೆ ಕೈ ಹಚ್ಚಿ ನಿಂದರತಿದ್ರಂತ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಮುಗಿಯೂಕಿಂತ ಮೊದಲ ಹೊಂಟ ಬರತಿದ್ರು."

ನನ್ನ ಎಡಗೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತಿತ್ತು. ಬಲಗೈಯಿಂದ ಅದನ್ನು ಹಿಡಿದೆ. "ಮನಿಗೆ ಬಂದು ಏನಂತಿದ್ರು?"

"ಒಂದ ಮಾತ. ಮಾಸ್ತರ ಇನ್ನಾ ಓಡಾಕತ್ತಾರ ಅಂತ."

"ಒಂದ ದಿನಾನೂ ನನ್ನ ಕೈ ನಿಂತಿರಲಿಲ್ಲೇನ್ರಿ ಕಾಕೂ?"

ಅಂಥ ಹೊತ್ತಿನಲ್ಲಿ ಯಾರಾದರೂ ಒಂದು ಸುಳ್ಳು ಹೇಳುತ್ತಾರೆ. ಎದುರಿಗೆ ಕೂತವನ ಸಮಾಧಾನಕ್ಕೆ ಒಂದು ಸಲ ನಿಂತಿತ್ತಂತೆ ಎನ್ನುತ್ತಾರೆ. ನಾನೂ ಅದಕ್ಕೇ ಕಾದೆ. ಕಾಕೂ ಕೈಯಲ್ಲಿದ್ದ ಕಂಡಿಕೆಯನ್ನು ಪಕ್ಕಕ್ಕಿಟ್ಟು, ನಾನು ತಮ್ಮ ಕಡೆ ನೋಡುವ ತನಕ ತಡೆದು, ನನ್ನ ಮುಖ ನೋಡಿ ಹೇಳಿದರು.

"ಇಲ್ರಿ ಮಾಸ್ತರ."